ಮಡಚುವ ಮಾಡಿನ ಕಥೆ

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳು ಮೇಲಾಯ್ತು. ಆಫೀಸಲ್ಲಿ ರಿಲೀಸ್, ಮನೆಯಲ್ಲಿ ಸೋಮಾರಿತನ. ಈ ಸಲ ಬರೆಯಲು ಒಂದು ನೆಪ ಸಿಕ್ಕಿದೆ. ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗಿ ಕಾರಿನ ಬದಲು ಒಂದು ಕಥೆ ಹೊತ್ತುಕೊಂಡು ಬಂದೆ. ಸ್ವಲ್ಪ ಉದ್ದ ಇದೆ, ಕಾಫಿ ಪಕ್ಕದಲ್ಲಿಟ್ಟುಕೊಂಡು ಓದಿ.

ನಾನೀಗ ಇರೋದು ಪ್ಯಾರಿಸ್ಸಿನ ಪಶ್ಚಿಮಕ್ಕೆ, ಲಾ ದೆಫಾಂಸ್ ಅನ್ನೋ ಗಾಜಿನ ಕಟ್ಟಡಗಳ ಕಾಡಿನ ಹತ್ತಿರ. ಕಂಪನಿ ಇಲ್ಲಿಗೆ ಕಳಿಸಿ ಎರಡು ವರ್ಷ ಆಯ್ತು. ಮೆಟ್ರೋ ಇದೆ, ಟ್ರಾಮ್ ಇದೆ, ಕಾರು ಬೇಕೇ ಬೇಕು ಅಂತೇನಿಲ್ಲ. ಆದರೆ ವಾರವಿಡೀ ಎರಡು ಮಾನಿಟರ್ ಮುಂದೆ ಕೂತವನಿಗೆ ಶನಿವಾರ ಬೆಳಿಗ್ಗೆ ಶೆವ್ರೂಸ್ ಕಣಿವೆಯ ಸಣ್ಣ ರಸ್ತೆಗಳಲ್ಲೋ, ನಾರ್ಮಂಡಿಯ ಕಡಲ ಕಡೆಗೋ ತಲೆ ಮೇಲೆ ಆಕಾಶ ಇಟ್ಟುಕೊಂಡು ನಿಧಾನಕ್ಕೆ ಹೋಗಬೇಕು ಅನ್ನಿಸ್ತದೆ. ರೇಸ್ ಹೊಡೆಯೋ ಆಸೆ ಖಂಡಿತ ಇಲ್ಲ. 60-70ರಲ್ಲಿ ಆರಾಮಾಗಿ ಹೋಗಬೇಕು, ಮಳೆ ಬಂದರೆ ಗುಂಡಿ ಒತ್ತಿ ಮಾಡು ಹಾಕಿಕೊಳ್ಳಬೇಕು. ಅಷ್ಟೇ.

(ನಮ್ಮ ಮಲೆನಾಡು ಕಡೆ ಸೂರಿಗೆ ಮಾಡು ಅಂತಾರೆ. ಈ ಬರಹ ಮುಗಿಯೋ ತನಕ ಅದೇ ಪದ ಬಳಸ್ತೀನಿ, ಬಯಲುಸೀಮೆಯವರು ಬೇಜಾರು ಮಾಡ್ಕೋಬೇಡಿ.)

ಮಾಡು ಬಿಚ್ಚುವ ಗಾಡಿ ನನಗೇನು ಹೊಸದಲ್ಲ. ನಮ್ಮ ಸೋದರಮಾವನ ಹಳೆ ಜೀಪಿಗೆ ಇದ್ದದ್ದು ಟಾರ್ಪಾಲಿನ ಮಾಡು. ಬೇಸಿಗೆಯಲ್ಲಿ ಅದನ್ನು ಸುತ್ತಿ ಹಿಂದೆ ಕಟ್ಟಿದರೆ ನಾವು ಮಕ್ಕಳಿಗೆಲ್ಲ ಹಬ್ಬ. ಜೂನ್ ಬಂತೆಂದರೆ ಅದೇ ಟಾರ್ಪಾಲಿನ ಹೊಲಿಗೆಯಿಂದ ನೀರು ಸರಿಯಾಗಿ ಮುಂದಿನ ಸೀಟಲ್ಲಿ ಕೂತ ಅತ್ತೆಯ ಕುತ್ತಿಗೆ ಮೇಲೇ ತೊಟ್ಟಿಕ್ಕುತ್ತಿತ್ತು. "ಇದಕ್ಕೊಂದು ತಗಡಿನ ಮಾಡು ಹಾಕ್ಸಿ ಮಾರಾಯ್ರೇ" ಅಂತ ಅತ್ತೆ ಪ್ರತಿ ಮಳೆಗಾಲ ಹೇಳೋರು. "ತಗಡು ಹಾಕ್ಸಿದ್ರೆ ಬೇಸಿಗೇಲಿ ತೆಗೆಯೋದು ಹ್ಯಾಗೆ?" ಅಂತ ಮಾವ. ಈ ಗಂಡ-ಹೆಂಡತಿ ಜಗಳವೇ ಕಾರು ಇಂಜಿನಿಯರುಗಳನ್ನು ನೂರು ವರ್ಷ ಕಾಡಿದ ಸಮಸ್ಯೆ ಅಂತ ನನಗೆ ಗೊತ್ತಾಗಿದ್ದು ಈಗ.

ಮೊದಮೊದಲ ಕಾರುಗಳೆಲ್ಲ ಬಹುಪಾಲು ತೆರೆದವೇ. ಕುದುರೆಗಾಡಿಯಿಂದ ಕುದುರೆ ಬಿಚ್ಚಿ ಇಂಜಿನ್ ಕಟ್ಟಿದ ಹಾಗೆ. ಪೂರ್ತಿ ಮುಚ್ಚಿದ ಕಾರು ಶ್ರೀಮಂತರ ಸೊತ್ತಾಗಿತ್ತು. 1920ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಂಪನಿಯ ಎಸೆಕ್ಸ್ ಥರದ ಕಾರುಗಳು ಮುಚ್ಚಿದ ಮೈಯನ್ನು ಅಗ್ಗ ಮಾಡಿದ ಮೇಲೆ ಜನ ಅತ್ತ ಹರಿದರು. ತೆರೆದ ಕಾರು ಅವಶ್ಯಕತೆಯ ಬದಲು ಶೋಕಿಯ ವಸ್ತುವಾಯಿತು. ಶೋಕಿಗೂ ಮಳೆ ಬರುತ್ತದಲ್ಲ? ಬಟ್ಟೆ ಮಾಡು ಸೋರುತ್ತದೆ, ಗಾಳಿಗೆ ಪಟಪಟ ಅನ್ನುತ್ತದೆ, ಹರಿಯುತ್ತದೆ. 1922ರಲ್ಲೇ ಬೆನ್ ಎಲ್ಲರ್‌ಬೆಕ್ ಅನ್ನೋ ಅಮೆರಿಕನ್ ಒಂದು ಹಡ್ಸನ್ ಕಾರಿಗೆ ಕೈಯಿಂದ ಹಿಂದಕ್ಕೆ ಸರಿಸುವ ಗಟ್ಟಿ ಮಾಡಿನ ಯೋಜನೆ ಮಾಡಿದ. ಅದು ತಯಾರಿಕೆಯ ಹಂತ ಮುಟ್ಟಲಿಲ್ಲ.

ಇಲ್ಲಿಂದ ಕಥೆ ಫ್ರಾನ್ಸಿಗೆ ಬರುತ್ತದೆ. ಆದರೆ ನನಗೆ ಈ ಭಾಗ ಪುಸ್ತಕದಿಂದ ಗೊತ್ತಾಗಿದ್ದಲ್ಲ, ಕಾರು ಮಾರೋಕೆ ಕೂತಿದ್ದ ಒಬ್ಬ ಮುದುಕರಿಂದ. ಹಾಗಾಗಿ ಮೊದಲು ಕಾರಿನ ವಿಷಯ ಹೇಳಿಬಿಡ್ತೀನಿ.

ಜಾಹೀರಾತಲ್ಲಿ ಕಂಡ ಗಾಡಿ ಸುಮಾರು 20 ವರ್ಷ ಹಳೆಯದು. ಪೆಟ್ರೋಲ್, ಎರಡು ತುಂಡಿನ ಗಟ್ಟಿ ಮಾಡು, ಹಿಂದೆ ಹೆಸರಿಗೆ ಎರಡು ಸೀಟು. ಯಾವ ಕಂಪನಿ ಅಂತ ಹೇಳೋಲ್ಲ, ತಪ್ಪು ಕಾರಿನದ್ದೋ ವಯಸ್ಸಿನದ್ದೋ ನನಗೂ ಗೊತ್ತಿಲ್ಲ. ಮಾರುವವರ ಮನೆ ರುಯೇ-ಮಾಲ್ಮೆಜೋಂ ಅನ್ನೋ ಊರಲ್ಲಿ, ನನ್ನ ಆಫೀಸಿಂದ ಬಸ್ಸಲ್ಲಿ ಸ್ವಲ್ಪ ದೂರ. ಜೊತೆಗೆ ನನ್ನ ರೂಂಮೇಟನ್ನೂ ಕರ್ಕೊಂಡು ಹೋದೆ. ಅವನು ಹುಬ್ಬಳ್ಳಿಯವನು, ಮೆಕ್ಯಾನಿಕಲ್ ಓದಿ ಜಾವಾ ಬರೆಯೋನು. ದಾರಿಯುದ್ದಕ್ಕೂ "ಲೇ, ಇರೋ ಎರಡು ಸೂಟ್‌ಕೇಸ್ ಸಾಮಾನು ಹಿಡಿಯಂಗಿಲ್ಲ ಅದರಾಗ, ತಲಿ ಕೆಟ್ಟೈತೇನ ನಿಂಗ?" ಅಂತಲೇ ಇದ್ದ.

ಇಂಥ ಗಾಡಿ ನೋಡುವಾಗ ಇಂಜಿನ್ನಿಗಿಂತ ಹೆಚ್ಚು ಮಾಡನ್ನೇ ನೋಡಬೇಕು ಅಂತ ಮೊದಲೇ ಓದಿಕೊಂಡಿದ್ದೆ. ನಾವು ಮಾಡಿದ್ದಿಷ್ಟು:

1. ಇಂಜಿನ್ ಚಾಲೂ ಇಟ್ಟು (ಇಲ್ಲದಿದ್ದರೆ ಬ್ಯಾಟರಿ ಇಳಿದು ಸುಳ್ಳು ದೋಷ ತೋರಿಸಬಹುದು) ಮಾಡನ್ನು ಮೂರು ಸಲ ತೆಗೆದು ಮೂರು ಸಲ ಹಾಕಿಸೋದು. ಪ್ರತಿ ಸಲ ಎಷ್ಟು ಸೆಕೆಂಡ್ ಅಂತ ಮೊಬೈಲಲ್ಲಿ ಲೆಕ್ಕ. ಸಮಯ ಹೆಚ್ಚುತ್ತಾ ಹೋದರೆ ಪಂಪೋ ಎಣ್ಣೆಯೋ ಸೋತಿದೆ ಅಂತ ಅರ್ಥ.

2. ಡಿಕ್ಕಿಯ ಒಳಗಿನ ಹೊದಿಕೆ ಎತ್ತಿ ಎಣ್ಣೆ ಕಲೆ ಇದೆಯಾ ನೋಡೋದು. ಮಾಡನ್ನು ಎತ್ತೋದು ಹೈಡ್ರಾಲಿಕ್ ಎಣ್ಣೆ, ಅದು ಸೋರಿದರೆ ರಿಪೇರಿ ಬಿಲ್ಲು ಕಾರಿನ ಬೆಲೆಯ ಹತ್ತಿರ ಬರ್ತದೆ.

3. ಡಿಕ್ಕಿ ಮುಚ್ಚಳದ ಕೀಲಿನ ಹತ್ತಿರ ವೈರು ಬಗ್ಗಿ ಬಗ್ಗಿ ತುಂಡಾಗಿದೆಯಾ ನೋಡೋದು.

4. ರಬ್ಬರ್ ಬೀಡಿಂಗ್ ಒಣಗಿ ಬಿರುಕು ಬಿಟ್ಟಿದೆಯಾ, ನೀರು ಹರಿದು ಹೋಗೋ ತೂತುಗಳಲ್ಲಿ ತರಗೆಲೆ ಕಟ್ಟಿದೆಯಾ ನೋಡೋದು.

5. ಕಾಲಡಿಯ ಕಾರ್ಪೆಟ್ ಎತ್ತಿ ಕೈಯಿಟ್ಟು ನೋಡೋದು, ಮೂಸಿ ನೋಡೋದು. ಸ್ಟೆಪ್ನಿ ಇಡೋ ಗುಂಡಿಯಲ್ಲೂ ಅಷ್ಟೇ.

6. ಮಾಡು ತೆಗೆದು ಕಲ್ಲು ಹಾಸಿನ ರಸ್ತೆಯಲ್ಲಿ ಓಡಿಸೋದು. ಮಾಮೂಲಿ ಕಾರಲ್ಲಿ ಮಾಡೂ ಗಾಡಿಯ ಎಲುಬಿನ ಒಂದು ಭಾಗ. ಅದನ್ನು ಕಿತ್ತರೆ ಗಾಡಿ ಮುಚ್ಚಳ ತೆಗೆದ ಶೂ ಡಬ್ಬಿಯ ಹಾಗೆ ತಿರುಚಿಕೊಳ್ಳುತ್ತದೆ. ಅದಕ್ಕೇ ಕೆಳಗೆ ಹೆಚ್ಚು ಉಕ್ಕು ಹಾಕಿ ಗಟ್ಟಿ ಮಾಡಿರ್ತಾರೆ. ಆದರೂ ವಿಂಡ್‌ಶೀಲ್ಡ್ ಚೌಕಟ್ಟು, ಸ್ಟೀರಿಂಗ್ ಎಷ್ಟು ನಡುಗುತ್ತೆ ಅನ್ನೋದನ್ನು ಕೈಯಲ್ಲೇ ತಿಳೀಬೇಕು.

ಮೊದಲ ಸಲ ಮಾಡು ಚೆನ್ನಾಗಿ ತೆರೆಯಿತು, ಮುಚ್ಚಿತು. ಎರಡನೇ ಸಲವೂ. ಮೂರನೇ ಸಲ ತೆರೆಯುವಾಗ ಡಿಕ್ಕಿ ಮುಚ್ಚಳ ಆಕಾಶಕ್ಕೆ ಬಾಯಿ ಬಿಟ್ಟಿತು, ಮಾಡು ಅರ್ಧ ಎದ್ದು ನಿಂತೇ ಬಿಟ್ಟಿತು. ಗುಂಡಿ ಒತ್ತಿದರೆ ಟಿಕ್ ಅಂತ ಒಂದು ಸದ್ದು, ಮತ್ತೇನಿಲ್ಲ. ನಡುರಸ್ತೆಯಲ್ಲಿ ಕೊಡೆ ಉಲ್ಟಾ ಆದವರ ಹಾಗೆ ಮೂವರೂ ನಿಂತಿದ್ವಿ. ಮಾರುವ ಮುದುಕರು, ನಿವೃತ್ತ ಮೇಷ್ಟ್ರು, ಮುಖ ಕೆಂಪಗೆ ಮಾಡಿಕೊಂಡು ನಾಲ್ಕು ಸಲ ಕ್ಷಮೆ ಕೇಳಿದರು. ಆಮೇಲೆ ನಮ್ಮನ್ನು ಒಳಗೆ ಕರೆದು ಕಾಫಿ ಕೊಟ್ಟು, ನನ್ನ ಮುರುಕು ಫ್ರೆಂಚಿಗೆ ಹೊಂದುವಷ್ಟು ನಿಧಾನವಾಗಿ ಹೇಳಿದರು: "ಈ ಮಾಡು ಹುಟ್ಟಿದ್ದು ಇಲ್ಲೇ ಆಸುಪಾಸಲ್ಲಿ ಮುಸ್ಯೂ. ಅದನ್ನು ಕಂಡುಹಿಡಿದವನು ಸತ್ತಿದ್ದೂ ಇಲ್ಲೇ, ಆ ಗುಡ್ಡದ ಮೇಲೆ." ಕಿಟಕಿಯಾಚೆ ಕಾಣುತ್ತಿದ್ದ ಗುಡ್ಡ ತೋರಿಸಿದರು. ನಾನು ದಿನಾ ಆಫೀಸಿನ ಹನ್ನೊಂದನೇ ಮಹಡಿಯಿಂದ ನೋಡೋ ಗುಡ್ಡ. ಮೋಂ-ವಲೇರಿಯಾಂ.

ಮನೆಗೆ ಬಂದು ರಾತ್ರಿಯಿಡೀ ಓದಿದೆ. ಓದಿದ್ದನ್ನು ಹೇಳ್ತೀನಿ.

ಅವನ ಹೆಸರು ಜಾರ್ಜ್ ಪೋಲ್ಯಾಂ. 1902ರಲ್ಲಿ ಪ್ಯಾರಿಸ್ಸಲ್ಲಿ ಹುಟ್ಟಿದ ಯಹೂದಿ. ವೃತ್ತಿಯಲ್ಲಿ ದಂತ ತಂತ್ರಜ್ಞ! ನಮ್ಮ ಹಾಗೆ ಇಂಜಿನಿಯರಿಂಗ್ ಸೀಟು ತಗೊಂಡವನಲ್ಲ. ಹಲ್ಲು ಕಟ್ಟುವ ಕೈಗಳಿಗೆ ಕಾರಿನ ಹುಚ್ಚು. 1930ರ ದಶಕದ ಆರಂಭದಲ್ಲಿ, ಗಟ್ಟಿ ಲೋಹದ ಮಾಡು ಇಡಿಯಾಗಿ ಹಿಂದಕ್ಕೆ ಜಾರಿ ಡಿಕ್ಕಿಯೊಳಗೆ ಮಲಗುವ ವ್ಯವಸ್ಥೆಗೆ ಪೇಟೆಂಟ್ ಮಾಡಿಸಿದ. ಅದಕ್ಕೆ ಇಟ್ಟ ಹೆಸರು 'ಎಕ್ಲಿಪ್ಸ್', ಅಂದರೆ ಗ್ರಹಣ. ಎಷ್ಟು ಚೆಂದದ ಹೆಸರು ನೋಡಿ, ಮಾಡು ಬಂದರೆ ಗ್ರಹಣ, ಹೋದರೆ ಮೋಕ್ಷ.

ಮಾರ್ಸೆಲ್ ಪೂರ್ತೂ ಅನ್ನೋ ಕಾರಿನ ಮೈ ಕಟ್ಟುವವನು ಮತ್ತು ಎಮಿಲ್ ಡಾರ್ಲ್‌ಮಾ ಅನ್ನೋ ಪ್ಯಾರಿಸ್ಸಿನ ಪ್ಯೂಜೋ ಡೀಲರ್ ಇವನ ಜೊತೆಗೂಡಿದರು. ಆಗೆಲ್ಲ ಕಂಪನಿಯಿಂದ ಚಾಸಿ ಬರ್ತಿತ್ತು, ಮೈ ಕಟ್ಟೋದು ಬೇರೆಯವರು. ನಮ್ಮಲ್ಲಿ ಲಾರಿಗೆ ಬಾಡಿ ಕಟ್ಟಿಸ್ತಾರಲ್ಲ, ಹಾಗೆ. 1934ರಲ್ಲಿ ಪ್ಯೂಜೋ 401 ಮತ್ತು 601 ಕಾರುಗಳಿಗೆ ಎಕ್ಲಿಪ್ಸ್ ಮಾಡು ಬಂತು. 1935ರಲ್ಲಿ ಹೊಸ 402 ಬಂದಾಗ ಅದಕ್ಕೂ ಬಂತು. ಮೊದಲು ವಿದ್ಯುತ್ ಮೋಟಾರಿನಿಂದ ಓಡುತ್ತಿದ್ದ ಮಾಡು 402ರಲ್ಲಿ ಮರುವರ್ಷವೇ ಕೈಯಿಂದ ಸರಿಸುವಂತಾಯಿತು. ಪೂರ್ತೂನ ಕಾರ್ಖಾನೆ ಇದ್ದದ್ದು ಇದೇ ರುಯೇ ಸೀಮೆಯಲ್ಲಿ. ಮುಂದೆ ಆತ ರುಯೇಯ ಮೇಯರ್ ಕೂಡ ಆದ.

ಇಲ್ಲಿ ಒಂದು ರೇಖಾಗಣಿತದ ತೊಡಕಿದೆ. ಮಾಡು ಒಂದೇ ತುಂಡಾದರೆ ಅದು ಎಷ್ಟು ಉದ್ದವೋ ಡಿಕ್ಕಿಯೂ ಅಷ್ಟು ಉದ್ದ ಬೇಕು. ಹಾಗಾಗಿ ಎಕ್ಲಿಪ್ಸ್ ಕಾರುಗಳದ್ದು ಪುಟ್ಟ ಕೋಣೆ, ಉದ್ದ ಬಾಲ. ಉಳಿದ ದಾರಿ ಒಂದೇ, ಮಾಡನ್ನು ಮಡಚೋದು. ಎರಡು ತುಂಡು, ಮೂರು ತುಂಡು ಮಾಡಿದಷ್ಟೂ ಡಿಕ್ಕಿ ಚಿಕ್ಕದಾಗ್ತದೆ, ಕೋಣೆ ದೊಡ್ಡದಾಗ್ತದೆ. ಆದರೆ ಪ್ರತಿ ಮಡಿಕೆಗೂ ಒಂದು ಕೀಲು, ಒಂದು ರಬ್ಬರು, ಒಂದು ಸ್ವಿಚ್ಚು ಜಾಸ್ತಿ. ಮುಂದಿನ ಎಂಬತ್ತು ವರ್ಷದ ಇತಿಹಾಸವೆಲ್ಲ ಈ ಒಂದು ಲೆಕ್ಕದ ಸುತ್ತ ತಿರುಗಿದ್ದು.

ಪೋಲ್ಯಾಂ ಮಾಡಿಗೇ ನಿಲ್ಲಲಿಲ್ಲ. ಅವನು ಬರೆದ ಡಾರ್ಲ್‌ಮಾ ಪ್ಯೂಜೋಗಳು 1937 ಮತ್ತು 1938ರ ಲ ಮಾನ್ 24 ಗಂಟೆ ರೇಸಲ್ಲಿ ಓಡಿದವು. ಎಂಬಿರಿಕೋಸ್ ಎಂಬ ಗ್ರೀಕ್ ಸಿರಿವಂತನಿಗೆ ಬರೆದುಕೊಟ್ಟ ಬೆಂಟ್ಲಿ 1939ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಲ್ಲಿ ಒಂದು ಗಂಟೆಯಲ್ಲಿ 114 ಮೈಲಿ ಓಡಿತು. ಅದೇ ಕಾರು ಹತ್ತು ವರ್ಷ ಹಳೆಯದಾದ ಮೇಲೆ 1949ರ ಲ ಮಾನ್ ರೇಸಲ್ಲಿ ಆರನೇ ಸ್ಥಾನ ಪಡೆಯಿತು. ಅದನ್ನು ನೋಡಲು ಪೋಲ್ಯಾಂ ಇರಲಿಲ್ಲ.

1940ರಲ್ಲಿ ಜರ್ಮನರು ಪ್ಯಾರಿಸ್ಸಿಗೆ ಬಂದರು. ಪೋಲ್ಯಾಂ ಬ್ರಿಟಿಷರಿಗೆ ಗುಟ್ಟಾಗಿ ಮಾಹಿತಿ ಕಳಿಸುವ ಜಾಲ ಸೇರಿದ. ಝಾಕ್ ಕೆಲ್ನೆರ್ ಎಂಬ ಇನ್ನೊಬ್ಬ ಹೆಸರಾಂತ ಕಾರಿನ ಮೈ ಕಟ್ಟುವವನೂ ಅದರಲ್ಲಿದ್ದ. 1941ರಲ್ಲಿ ಸಿಕ್ಕಿಬಿದ್ದರು. 1942ರ ಮಾರ್ಚ್ 21ರಂದು ಇಬ್ಬರನ್ನೂ ಮೋಂ-ವಲೇರಿಯಾಂ ಕೋಟೆಯಲ್ಲಿ ಗುಂಡಿಟ್ಟು ಕೊಂದರು. ಪೋಲ್ಯಾಂಗೆ ನಲವತ್ತರ ಆಸುಪಾಸು.

ನಾನು ಓದೋದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. "ಡೆಡ್‌ಲೈನ್" ಅನ್ನೋ ಪದವನ್ನು ನಾವು ದಿನಕ್ಕೆ ಇಪ್ಪತ್ತು ಸಲ ಬಳಸ್ತೀವಿ.

ಅವನು ಹೋದ ಮೇಲೂ ಐಡಿಯಾ ಬದುಕಿತು. ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿ ಅವನಿದ್ದಾಗಲೇ, 1941ರ ಹೊತ್ತಿಗೆ, ಥಂಡರ್‌ಬೋಲ್ಟ್ ಎಂಬ ಪ್ರದರ್ಶನದ ಕಾರುಗಳನ್ನು ಬೆರಳೆಣಿಕೆಯಷ್ಟು ಮಾಡಿತು, ಗುಂಡಿ ಒತ್ತಿದರೆ ಮಾಡು ಮಾಯ. ಅದನ್ನು ನಿಜವಾಗಿ ದೊಡ್ಡ ಸಂಖ್ಯೆಯಲ್ಲಿ ಮಾಡಿದ್ದು ಫೋರ್ಡ್. 1957ರ ಫೇರ್‌ಲೇನ್ 500 ಸ್ಕೈಲೈನರ್. ಐದು ಮೀಟರಿಗೂ ಉದ್ದದ ಹಡಗು. ಮಾಡಿನ ಮುಂಭಾಗದ ಒಂದು ಪಟ್ಟಿ ಮಾತ್ರ ಒಳಕ್ಕೆ ಮಡಚಿಕೊಳ್ಳುತ್ತಿತ್ತು, ಉಳಿದದ್ದು ಇಡಿಯಾಗಿ ಡಿಕ್ಕಿಗೆ. ಸಾಮಾನಿಗೆ ನಡುವೆ ಒಂದು ಪುಟ್ಟ ತೊಟ್ಟಿ ಅಷ್ಟೇ.

ಸಾಫ್ಟ್‌ವೇರ್ ಮಿತ್ರರೇ, ಈ ಕಾರನ್ನು ನಾವು ಕೈ ಮುಗಿದು ನೋಡಬೇಕು. ಮೊದಲು ಡಿಕ್ಕಿ ಏಳಬೇಕು, ಅದು ಪೂರ್ತಿ ಎದ್ದಿದೆ ಅಂತ ಖಾತ್ರಿಯಾದ ಮೇಲೆ ಮಾಡಿನ ಬೀಗ ಬಿಚ್ಚಬೇಕು, ಅದು ಬಿಚ್ಚಿದ ಮೇಲೆ ಮಾಡು ಏಳಬೇಕು, ಪಟ್ಟಿ ಮಡಚಬೇಕು, ಒಳಗೆ ಇಳಿಯಬೇಕು, ಕೊನೆಗೆ ಡಿಕ್ಕಿ ಮುಚ್ಚಬೇಕು. ಒಂದು ಹೆಜ್ಜೆ ತಪ್ಪಿದರೆ ತಗಡಿಗೆ ತಗಡು ಗುದ್ದುತ್ತದೆ. ನಾವಾದರೆ ಸ್ಟೇಟ್ ಮಷೀನ್ ಬರೀತೀವಿ. 1957ರಲ್ಲಿ ಚಿಪ್ ಎಲ್ಲಿತ್ತು? 10 ರಿಲೇ, 10 ಲಿಮಿಟ್ ಸ್ವಿಚ್, 8 ಸರ್ಕ್ಯೂಟ್ ಬ್ರೇಕರ್, ಹಲವು ಮೋಟಾರು, 600 ಅಡಿಗೂ ಹೆಚ್ಚು ವೈರು. ಅಷ್ಟರಲ್ಲೇ ಇಡೀ ಪ್ರೋಗ್ರಾಂ! ಕಾಲೇಜಿನ ಲ್ಯಾಬಲ್ಲಿ ಲ್ಯಾಡರ್ ಲಾಜಿಕ್ ಬರೆದು ಒಂದು ಬಲ್ಬು ಹತ್ತಿಸಲು ನಾನು ಎರಡು ಗಂಟೆ ಒದ್ದಾಡಿದ್ದು ನೆನಪಾಯ್ತು.

ಮೂರು ವರ್ಷದಲ್ಲಿ 48,394 ಸ್ಕೈಲೈನರ್‌ಗಳು ತಯಾರಾದವು. ಬಟ್ಟೆ ಮಾಡಿನ ಅಣ್ಣನಿಗಿಂತ 400 ಡಾಲರಿಗೂ ಹೆಚ್ಚು ಬೆಲೆ. ಮೊದಲ ವರ್ಷ ಇಪ್ಪತ್ತು ಸಾವಿರ ದಾಟಿದ್ದು ಕೊನೆಯ ವರ್ಷ ಹದಿಮೂರು ಸಾವಿರದೊಳಗೆ ಬಂತು, 1959ರಲ್ಲಿ ನಿಲ್ಲಿಸಿದರು. 1976ರಲ್ಲಿ ಕ್ಯಾಡಿಲ್ಯಾಕ್ ಎಲ್ಡೊರಾಡೊವನ್ನು ಅಮೆರಿಕದ ಕೊನೆಯ ತೆರೆದ ಕಾರು ಅಂತಲೇ ಮಾರಿದರು. ಏರ್ ಕಂಡೀಷನ್ ಬಂದಿತ್ತು, ಹೆದ್ದಾರಿಯ ವೇಗ ಹೆಚ್ಚಿತ್ತು, ಮಗುಚಿದರೆ ಏನು ಗತಿ ಅನ್ನೋ ಸುರಕ್ಷತೆಯ ನಿಯಮಗಳ ಭಯ ಇತ್ತು. (ಕೊನೆಯದ್ದೇನೂ ಆಗಲಿಲ್ಲ, 1982ಕ್ಕೆ ಕ್ರೈಸ್ಲರ್ ಮತ್ತೆ ಶುರು ಮಾಡಿತು.)

ಗಟ್ಟಿ ಮಾಡು ಮತ್ತೆ ಫ್ಯಾಷನ್ ಆಗಿದ್ದು 1996ರಲ್ಲಿ, ಮರ್ಸಿಡಿಸ್ ಎಸ್‌ಎಲ್‌ಕೆ ಬಂದ ಮೇಲೆ. 25 ಸೆಕೆಂಡಲ್ಲಿ ಮಾಡು ಡಿಕ್ಕಿಗೆ. 2000ದಲ್ಲಿ ಪ್ಯೂಜೋ 206 ಸಿಸಿ ಬಂದು ಅದನ್ನು ಮಧ್ಯಮ ವರ್ಗಕ್ಕೆ ಇಳಿಸಿತು. ಅಜ್ಜನ ಆಸ್ತಿ ಮೊಮ್ಮಗನಿಗೆ ಬಂದ ಹಾಗೆ! 2006ರಲ್ಲಿ ಮೂರು ತುಂಡಿನ ವೋಲ್ವೋ ಸಿ70, ಸನ್‌ರೂಫ್ ಸಮೇತ ಐದು ತುಂಡಿನ ಫೋಕ್ಸ್‌ವ್ಯಾಗನ್ ಇಯೋಸ್, 12 ಸೆಕೆಂಡಲ್ಲಿ ಮಡಚುವ ಮಾಜ್ದಾ ಎಂಎಕ್ಸ್-5. ಒಂದಷ್ಟು ವರ್ಷ ಎಲ್ಲರಿಗೂ ಇದೇ ಹುಚ್ಚು.

ನಮ್ಮ ಕಡೆಯದ್ದೂ ಒಂದು ಎಳೆ ಇದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಕಂಪನಿ 'ಸ್ಟಾರ್ಮ್' ಅನ್ನೋ ಎರಡು ಸೀಟಿನ ತೆರೆದ ಪುಟ್ಟ ಕಾರು ತಂದಿತ್ತು. ಪ್ಲಾಸ್ಟಿಕ್ ಮೈ, ಫ್ರಾನ್ಸಿನ ರೆನೋ ಇಂಜಿನ್. ವೋಲ್ವೋ ಸಿ70 ಮಾಡುವುದರಲ್ಲಿ ಪಾಲುದಾರನಾಗಿದ್ದ ಇಟಲಿಯ ಪಿನಿನ್‌ಫರೀನಾವನ್ನು ಕೊಳ್ಳುವ ಒಪ್ಪಂದ 2015ರಲ್ಲಿ ಮಾಡಿಕೊಂಡದ್ದು ಯಾರು ಹೇಳಿ? ಮಹೀಂದ್ರ. ಟಾರ್ಪಾಲಿನ ಜೀಪಿನವರು. ಅತ್ತೆಗೆ ಹೇಳಬೇಕು.

ಆಮೇಲೆ ಹುಚ್ಚು ಇಳಿಯಿತು. ಭಾರ, ಬೆಲೆ, ಮಾಡು ತೆಗೆದರೆ ಡಿಕ್ಕಿಯೇ ಇಲ್ಲ. ಅಷ್ಟರಲ್ಲಿ ಬಟ್ಟೆ ಮಾಡುಗಳೂ ಹಲವು ಪದರಗಳಾಗಿ, ಒಳಗೆ ಮೆತ್ತೆ ಸೇರಿಸಿಕೊಂಡು, ಸದ್ದು ಸೋರಿಕೆ ಎರಡೂ ಕಮ್ಮಿಯಾಗಿದ್ದವು. ಬಿಎಂಡಬ್ಲ್ಯೂ 2018ರ ಜೆಡ್4ರಲ್ಲಿ, 2020ರ 4 ಸೀರೀಸಲ್ಲಿ ಮತ್ತೆ ಬಟ್ಟೆಗೆ ಮರಳಿತು. ಎಸ್‌ಎಲ್‌ಕೆ ವಂಶ 2020ಕ್ಕೆ ಮುಗಿಯಿತು. ಇಂಥ ಮಾಡುಗಳನ್ನು ಕಟ್ಟುತ್ತಿದ್ದ ಜರ್ಮನಿಯ ಕಾರ್ಮನ್ 2009ರಲ್ಲಿ ದಿವಾಳಿಯಾಯ್ತು, 206 ಸಿಸಿಯ ಮಾಡು ಕಟ್ಟಿದ ಫ್ರಾನ್ಸಿನ ಉಲಿಯೇ 2013ರಲ್ಲಿ ಬಾಗಿಲು ಹಾಕಿತು. ಮಾವ ಗೆದ್ದರು ಅನ್ನಬಹುದೇನೋ. ಟಾರ್ಪಾಲೇ ವಾಸಿ.

ಮತ್ತೆ ನಮ್ಮ ಕಾರಿಗೆ ಬರೋಣ. ಮುಂದಿನ ಶನಿವಾರ ಮಲ್ಟಿಮೀಟರ್ ಹಿಡಿದು ಹೋದ್ವಿ. ನನಗೆ ಆ ಟಿಕ್ ಸದ್ದು ತಲೆಯಿಂದ ಹೋಗಿರಲಿಲ್ಲ. ರಿಲೇ ಕೆಲಸ ಮಾಡ್ತಿದೆ, ಆದರೆ ಮುಂದಿನ ಹೆಜ್ಜೆಗೆ ಒಪ್ಪಿಗೆ ಸಿಗ್ತಿಲ್ಲ ಅಂದ್ರೆ ಯಾವುದೋ ಸ್ವಿಚ್ಚಿನ ಸಿಗ್ನಲ್ ಬರ್ತಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಹುಬ್ಬಳ್ಳಿಯವನು ಡಿಕ್ಕಿ ಕೀಲಿನ ಹತ್ತಿರ ರಬ್ಬರ್ ಕೊಳವೆ ಸರಿಸಿ "ಇಲ್ಲೈತಿ ನೋಡಲೇ ನಿನ್ನ ಬಗ್ಗು" ಅಂದ. ಕೂದಲೆಳೆಯಷ್ಟು ವೈರು ತುಂಡಾಗಿತ್ತು. ಜೋಡಿಸಿ ಟೇಪ್ ಸುತ್ತಿದ್ವಿ. ಮಾಡು ಎದ್ದು, ಮಡಚಿ, ಮಲಗಿತು. ಮೇಷ್ಟ್ರು ಚಪ್ಪಾಳೆ ಹೊಡೆದರು. ಹೋದ ಸಲ ಆಗದೇ ಉಳಿದಿದ್ದ ಒಂದು ಸುತ್ತು ಹೋದ್ವಿ. ಬಿಸಿಲು, ಗಾಳಿ, ಎಲ್ಲ ಅಂದುಕೊಂಡ ಹಾಗೇ. ಸ್ಟೀರಿಂಗ್ ಸ್ವಲ್ಪ ನಡುಗಿತು, ಪರವಾಗಿಲ್ಲ ಅನ್ನೋ ಹಾಗೆ.

ವಾಪಸ್ ಬಂದು ಉಳಿದ ಕೆಲಸ ಮಾಡಿದೆ. ಕಾರ್ಪೆಟ್ ಎತ್ತಿ ಕೈಯಿಟ್ಟೆ. ಒದ್ದೆ. ಮಳೆ ಬಂದು ನಾಲ್ಕು ದಿನವಾಗಿತ್ತು. ಬೆರಳು ಎಳೆದರೆ ತುಕ್ಕಿನ ಪುಡಿ ಬಂತು, ನಮ್ಮೂರ ಅಟ್ಟದ ಆಷಾಢದ ವಾಸನೆ.

ವೈರು ತುಂಡಾದರೆ ಒಂದು ಮಧ್ಯಾಹ್ನದ ಕೆಲಸ. ನೀರು ಒಳಗೆ ಬಂದರೆ ಯಾವ ದಾರಿಯಿಂದ ಬಂತು ಅಂತ ಹುಡುಕೋದಕ್ಕೇ ವರ್ಷ ಬೇಕು, ಆರಾಮಕ್ಕೆ ಅಂತ ತಗೊಂಡ ಕಾರು ಆರಾಮ ಕಿತ್ಕೊಳ್ತದೆ. ಮೇಷ್ಟ್ರಿಗೆ ಒದ್ದೆ ಬೆರಳು ತೋರಿಸಿ, ತಗೊಳ್ಳೋಕಾಗಲ್ಲ ಅಂದೆ. ಅವರಿಗೆ ಗೊತ್ತಿರಲಿಲ್ಲ ಅಂತ ಮುಖವೇ ಹೇಳಿತು. ಬೇಜಾರು ಮಾಡಿಕೊಳ್ಳಲಿಲ್ಲ. ವೈರು ಜೋಡಿಸಿದ್ದಕ್ಕೆ ದುಡ್ಡು ಕೊಡಲು ಬಂದರು, ನಾವು ಬೇಡವೆಂದು ಕಾಫಿ ಕುಡಿದು ಬಂದ್ವಿ.

ಭಾನುವಾರ ಒಬ್ಬನೇ ಮೋಂ-ವಲೇರಿಯಾಂ ಹತ್ತಿದೆ. 1960ರಲ್ಲಿ ದ ಗಾಲ್ ಉದ್ಘಾಟಿಸಿದ ದೊಡ್ಡ ಸ್ಮಾರಕ ಇದೆ. ಒಳಗೆ ಮರಗಳ ನಡುವೆ ಒಂದು ಬಯಲು, ಅಲ್ಲೇ ಗುಂಡಿಕ್ಕುತ್ತಿದ್ದದ್ದು. ಸಾಯುವ ಮುನ್ನ ಕೈದಿಗಳನ್ನು ಕೂಡಿಡುತ್ತಿದ್ದ ಪುಟ್ಟ ಚಾಪೆಲ್ಲಿನ ಗೋಡೆ ಮೇಲೆ ಅವರು ಗೀಚಿದ ಸಾಲುಗಳು ಉಳಿದಿವೆ. ಎದುರಿಗೆ ಗಂಟೆಯ ಆಕಾರದ ಒಂದು ಸ್ಮಾರಕ, ಅದರ ಮೈಮೇಲೆ ಸಾವಿರಕ್ಕೂ ಹೆಚ್ಚು ಹೆಸರು. ಕಾರ್ಮಿಕರು, ವಿದ್ಯಾರ್ಥಿಗಳು, ವಲಸೆ ಬಂದವರು, ಕಾರಿನ ಮೈ ಬರೆಯುವವರು. ಅವರ ನೆತ್ತಿ ಮೇಲೂ ಕೊನೆಗಿದ್ದದ್ದು ಬರೀ ಆಕಾಶ.

ಇಳಿಯುವಾಗ ಮಳೆ ಶುರುವಾಯ್ತು. ಕೊಡೆ ತಂದಿರಲಿಲ್ಲ.

ಕಾರಿನ ಹುಡುಕಾಟ ಇನ್ನೂ ನಡೀತಿದೆ. ಈ ಸಲ ಮೊದಲು ಕಾರ್ಪೆಟ್, ಆಮೇಲೆ ಮಾಡು. ನಿಮ್ಮಲ್ಲಿ ಯಾರಾದರೂ ಇಂಥ ಗಾಡಿ ಇಟ್ಟುಕೊಂಡು ಪಳಗಿದವರಿದ್ದರೆ, ಗಟ್ಟಿ ಮಾಡೋ ಬಟ್ಟೆ ಮಾಡೋ ಅಂತ ಕಾಮೆಂಟಿನಲ್ಲಿ ಹೇಳಿ. ಅತ್ತೆಯ ಓಟು ಯಾವ ಕಡೆಗೆ ಅಂತ ಗೊತ್ತೇ ಇದೆ :-)